ಪಾರುಪತ್ಯದ ಗಿಳಿ

ಊರಿನ ಹೆಸರು ಹೇಳಿದರೆ ಅಲ್ಲಿಯವರು ಮುನಿಸಿಕೊಂಡಾರು, ಹೇಳುವುದು ಬೇಡ. ಒಂದು ನದಿ ಅದನ್ನು ಎರಡು ಹೋಳು ಮಾಡಿ ಹರಿಯುತ್ತಿತ್ತು, ಒಂದು ಹಗ್ಗದ ಸೇತುವೆ ಆ ಎರಡು ಹೋಳನ್ನೂ ಜೋಡಿಸಿ ಹಿಡಿದಿತ್ತು ಎಂದು ತಿಳಿದರೆ ಸಾಕು. ಈಚೆ ದಡದಲ್ಲಿ ಪೇಟೆ ಇತ್ತು. ಆಚೆ ದಡದಲ್ಲಿ ಹೊಲಗದ್ದೆ, ವೈದ್ಯರ ಮನೆ, ಸೂಲಗಿತ್ತಿಯ ಮನೆ. ಮಳೆಗಾಲದ ನೀರಿಗೆ ದೋಣಿ ಇಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಸೇತುವೆ ಇಲ್ಲದೆ ಮಳೆಗಾಲ ಬಂತೆಂದರೆ ಈಚೆಯವರಿಗೆ ಔಷಧವಿಲ್ಲ, ಆಚೆಯವರಿಗೆ ಉಪ್ಪಿಲ್ಲ. ಹಾಗಾಗಿ ಪ್ರತಿ ಬೇಸಿಗೆಯ ಕೊನೆಯಲ್ಲಿ ಹಳೆಯ ಹಗ್ಗಗಳನ್ನು ಬಿಚ್ಚಿ ಹೊಸ ಹಗ್ಗ ಕಟ್ಟುವುದು ಊರಿನ ಕಟ್ಟಳೆಯಾಗಿತ್ತು.

ಆ ಹಗ್ಗ ಹೊಸೆಯುತ್ತಿದ್ದುದು ಪೇಟೆಯ ಹೊನ್ನಾಂಬೆಯ ಅಂಗಳದಲ್ಲಿ. ಗಂಡ ತೀರಿಕೊಂಡ ಮೇಲೆ ಆ ಅಂಗಳ, ಅದರ ಹಿಂದಿನ ಉದ್ದನೆಯ ಉಗ್ರಾಣಗಳು, ಹೊಸೆಯುವ ಜನ ಎಲ್ಲವೂ ಅವಳ ಪಾಲಿಗೆ ಬಂದಿದ್ದವು. ಗಂಡನ ಅಣ್ಣ ಪಾಯಣ್ಣ ಜೊತೆಗಿದ್ದ. ಪಾಯಣ್ಣ ಒಳ್ಳೆಯವನು. ಯಾವುದನ್ನಾದರೂ ಒಮ್ಮೆ ನಂಬಿದನೆಂದರೆ ಆ ನಂಬಿಕೆಗೆ ತಾನೇ ಕಾವಲು ನಿಲ್ಲುವ ಸ್ವಭಾವ ಅವನದು.

ಆದರೆ ಆ ಅಂಗಳವನ್ನು ನಿಜವಾಗಿ ನಡೆಸುತ್ತಿದ್ದುದು ಹೊನ್ನಾಂಬೆಯೂ ಅಲ್ಲ, ಪಾಯಣ್ಣನೂ ಅಲ್ಲ. ಪಡಸಾಲೆಯಲ್ಲಿ ಹಿತ್ತಾಳೆಯ ಪಂಜರವೊಂದು ತೂಗುತ್ತಿತ್ತು. ಅದರ ಮೇಲೆ ನೀಲಿ ರೇಷ್ಮೆಯ ಮುಸುಕು. ಒಳಗೆ ಒಂದು ಗಿಳಿ. ಯಾವ ಉಗ್ರಾಣದ ಯಾವ ಮೂಲೆಯಲ್ಲಿ ಯಾವ ನಾರಿದೆ, ಯಾರಿಗೆ ಎಷ್ಟು ಹಗ್ಗ ಕೊಡುವುದಾಗಿ ಮಾತಾಗಿದೆ, ಯಾರು ಇಂದು ಕೆಲಸಕ್ಕೆ ಬಂದಿಲ್ಲ, ಇವೆಲ್ಲ ಅದರ ತಲೆಯಲ್ಲಿ ಇದ್ದವು. ಬೆಟ್ಟದಾಚೆಯ ಗಿಳಿಮನೆಯವರು ಇಂಥ ಗಿಳಿಗಳನ್ನು ಸಾಕಿ, ಕಲಿಸಿ, ಊರೂರಿನ ವ್ಯಾಪಾರಿಗಳಿಗೆ ಕೊಡುತ್ತಿದ್ದರು. ಮಾರುತ್ತಿರಲಿಲ್ಲ. ವರ್ಷ ವರ್ಷ ಕಾಣಿಕೆ ಸಂದಾಯವಾಗುವವರೆಗೆ ಇಟ್ಟುಕೊಳ್ಳಲು ಬಿಡುತ್ತಿದ್ದರು, ಅಷ್ಟೆ.

ಷರತ್ತುಗಳಿದ್ದವು. ಮುಸುಕು ಎತ್ತಬಾರದು. ಗಿಳಿಗೆ ತಾವಾಗಿ ಏನನ್ನೂ ಕಲಿಸಬಾರದು. ಗಿಳಿ ಮಾತಾಡುವುದು ಗಿಳಿಮನೆಯ ಭಾಷೆಯಲ್ಲಿ, ಅದನ್ನು ಊರಿನವರು ಕಲಿಯಲು ಹೋಗಬಾರದು. ಗಿಳಿ ಹೇಳಿದ್ದನ್ನು ತಿಳಿಸಲು ಗಿಳಿಮನೆಯ ದುಭಾಷಿಯೊಬ್ಬ ಪೇಟೆಯಲ್ಲೇ ಬಿಡಾರ ಹೂಡಿದ್ದ. ಅವನು ಮೃದುವಾಗಿ ಮಾತಾಡುವ, ಬಿಳಿಯ ಪೇಟ ಸುತ್ತಿದ ಮನುಷ್ಯ. ಯಾರ ಮನೆಗೆ ಯಾವಾಗ ಹೋಗಬೇಕೆಂಬುದನ್ನು ಅವನೇ ತೀರ್ಮಾನಿಸುತ್ತಿದ್ದ.

ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಪೇಟೆಯ ದೊಡ್ಡ ಅಂಗಡಿಗಳಲ್ಲೆಲ್ಲ ಪಂಜರವಿತ್ತು. ಹೆಣ್ಣು ಕೊಡುವವರು ವರನ ಮುಖ ನೋಡುವ ಮೊದಲು ಪಡಸಾಲೆಯ ತೊಲೆ ನೋಡುತ್ತಿದ್ದರು. ಪಂಜರವಿದ್ದರೆ ಸಂಬಂಧ ಮುಂದುವರಿಯುತ್ತಿತ್ತು.

ಆ ವರ್ಷದ ಬೇಸಿಗೆ ಮುಗಿಯುತ್ತಾ ಬಂದಾಗ ದುಭಾಷಿ ಹೊನ್ನಾಂಬೆಯ ಮನೆಗೆ ಬಂದು, ಮಜ್ಜಿಗೆ ಕುಡಿದು, ಒಂದು ಸುದ್ದಿ ಹೇಳಿದ.

"ಅಮ್ಮನವರೇ, ಈ ಗಿಳಿಯ ಕಾಲ ಮುಗಿಯಿತು. ಇನ್ನು ಮುಂದೆ ಈ ಜಾತಿಯ ಗಿಳಿಯನ್ನು ಗಿಳಿಮನೆ ನೋಡಿಕೊಳ್ಳುವುದಿಲ್ಲ. ನೀವು ಪಂಚವರ್ಣದ ಗಿಳಿ ತೆಗೆದುಕೊಳ್ಳಬೇಕು."

"ಇದಕ್ಕೇನಾಗಿದೆ? ಚೆನ್ನಾಗೇ ಮಾತಾಡ್ತಿದೆಯಲ್ಲ."

"ಮಾತಾಡುತ್ತದೆ. ಆದರೆ ಹಳೆಯದು."

"ಹೊಸದಕ್ಕೆ ಕಾಣಿಕೆ ಎಷ್ಟು?"

ಅವನು ಹೇಳಿದ. ಪಾಯಣ್ಣ ಗೋಡೆಗೆ ಒರಗಿಕೊಂಡ. ಅಷ್ಟನ್ನು ತೆರಬೇಕಾದರೆ ಹೊಸೆಯುವವರಲ್ಲಿ ಅರ್ಧ ಜನರನ್ನು ಬಿಡಿಸಬೇಕಿತ್ತು. ಅದಲ್ಲದೆ ಪಂಚವರ್ಣದ ಗಿಳಿಯ ಪಂಜರ ದೊಡ್ಡದಂತೆ, ಅದು ಒಳಗೆ ಬರಲು ತಲೆಬಾಗಿಲ ಗೋಡೆ ಒಡೆಯಬೇಕಂತೆ. ಅದನ್ನು ನೋಡಿಕೊಳ್ಳಲು ಬರುವ ಜನರ ಊಟ ವಸತಿಯೂ ಹೊನ್ನಾಂಬೆಯದೇ ಅಂತೆ.

"ಸೇತುವೆ ಕಟ್ಟುವವರೆಗಾದರೂ ಇದೇ ಇರಲಿ. ಆಮೇಲೆ ನೋಡೋಣ," ಎಂದಳು ಹೊನ್ನಾಂಬೆ.

"ನನ್ನ ಕೈಯಲ್ಲಿ ಏನಿದೆ ಅಮ್ಮನವರೇ? ಇಂದಿಗೆ ಅವಧಿ ತೀರಿತು." ದುಭಾಷಿ ಎದ್ದು, ಮುಸುಕಿನೊಳಗೆ ಕೈ ಹಾಕಿ, ಸೊಂಟದಿಂದ ತೆಗೆದ ರೇಷ್ಮೆ ದಾರದಿಂದ ಗಿಳಿಯ ಕೊಕ್ಕು ಕಟ್ಟಿದ. ಕಾಳು ಒಳಗೆ ಹೋಗುವಷ್ಟು ಸಡಿಲ, ಮಾತು ಹೊರಗೆ ಬಾರದಷ್ಟು ಬಿಗಿ. "ಯೋಚಿಸಿ ಹೇಳಿ. ಅವಸರವೇನಿಲ್ಲ. ಅವಸರ ಇರುವುದು ಮಳೆಗೆ," ಎಂದು ಹೇಳಿ ಚಪ್ಪಲಿ ಮೆಟ್ಟಿದ.

ಅವನು ಹೋದ ಮೇಲೆ ಹೊನ್ನಾಂಬೆ ಉಗ್ರಾಣಗಳ ಬಾಗಿಲು ತೆಗೆಸಿದಳು. ಸೂರಿನವರೆಗೂ ನಾರಿನ ಪಿಂಡಿಗಳು. ಎಲ್ಲ ಒಂದೇ ಬಣ್ಣ, ಒಂದೇ ಗಾತ್ರ. ಸೇತುವೆಯ ಹಗ್ಗಕ್ಕೆ ಎಲ್ಲ ನಾರೂ ಆಗದು. ಹಸಿಯಾದ ನಾರು ಮಳೆಗೆ ಹಿಗ್ಗುತ್ತದೆ, ಹಳಸಿದ್ದು ಭಾರಕ್ಕೆ ಪುಡಿಯಾಗುತ್ತದೆ. ನಡುವಿನ ಹದದ ನಾರೊಂದೇ ಜನರನ್ನು ಹೊರುತ್ತದೆ. ಆ ಹದದ ಪಿಂಡಿಗಳು ಎಲ್ಲಿವೆ? ಅವಳು ಪಾಯಣ್ಣನ ಮುಖ ನೋಡಿದಳು. ಪಾಯಣ್ಣ ಅವಳ ಮುಖ ನೋಡಿದ. ಇಬ್ಬರೂ ಪಡಸಾಲೆಯ ಕಡೆ ನೋಡಿದರು.

"ಭಾವ, ಇದು ನನ್ನ ಉಗ್ರಾಣ. ಇದರಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ," ಎಂದಳು ಹೊನ್ನಾಂಬೆ.

"ಗೊತ್ತಿರಬೇಕಾಗಿರಲಿಲ್ಲ ತಾಯಿ. ಅದಕ್ಕೇ ಅಲ್ಲವೆ ಗಿಳಿ ಇಟ್ಟದ್ದು?"

ಅವಳಿಗೆ ಸಿಟ್ಟು ಬಂದಿತ್ತು. ದುಭಾಷಿಯ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ಮನೆ ಸೊಸೆಯಾಗಿ ಬಂದ ಹೊಸದರಲ್ಲಿ ಅವಳು ನಾರನ್ನು ಕೈಯಲ್ಲಿ ತಿರುಚಿ ನೋಡುತ್ತಿದ್ದಳು. ಈಗ ಆ ಬೆರಳುಗಳು ಪಿಂಡಿಯ ಮೇಲೆ ಸುಮ್ಮನೆ ಆಡಿದವು, ಏನೂ ಹೇಳಲಿಲ್ಲ.

ಸುದ್ದಿ ನದಿ ದಾಟಿತು. ಮರುದಿನ ಬೆಳಿಗ್ಗೆ ಹಳೆಯ ಸೇತುವೆಯ ಮೇಲೆ ಎಚ್ಚರದಿಂದ ಕಾಲಿಡುತ್ತ ತಿಮ್ಮರಸ ಬಂದ. ಆಚೆ ದಡದಲ್ಲಿ ಅವನದೂ ಹಗ್ಗದ ಅಂಗಳವೇ. ದನದ ಹಗ್ಗ, ಬಾವಿ ಹಗ್ಗ ಹೊಸೆಯುತ್ತಿದ್ದ. ಪ್ರತಿ ವರ್ಷ ಸೇತುವೆಯ ಕೆಲಸ ತನಗೆ ಕೊಡಿ ಎಂದು ಊರ ಹಿರಿಯರನ್ನು ಕೇಳಿ, ಪ್ರತಿ ವರ್ಷ ಇಲ್ಲ ಎನ್ನಿಸಿಕೊಳ್ಳುತ್ತಿದ್ದ. ಕೆಲವು ವರ್ಷಗಳ ಹಿಂದೆ ಅವನು ಗಿಳಿಯನ್ನು ಹಿಂದಕ್ಕೆ ಕಳಿಸಿದಾಗ, ಪಾಪ ಮುಳುಗಿದ ಎಂದು ಪೇಟೆ ಮಾತಾಡಿಕೊಂಡಿತ್ತು. ಮುಳುಗಿದವನು ಹೆಗಲ ಮೇಲೊಂದು ಗೊರವಂಕವನ್ನು ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಕಂದು ಮೈ, ಹಳದಿ ಕಣ್ಣಂಚು, ಗದ್ದೆ ಬದುವಿನಲ್ಲಿ ಹುಳ ಹೆಕ್ಕುವ ಅದೇ ಗೊರವಂಕ.

"ಇದನ್ನ ಇಟ್ಟುಕೊಳ್ಳಿ ಅಮ್ಮ. ಕಲಿಸಿದರೆ ಗಿಳಿ ಮಾಡೋ ಕೆಲಸ ಎಲ್ಲ ಮಾಡುತ್ತೆ," ಎಂದ.

ಪಾಯಣ್ಣನಿಗೆ ನಗು ಬಂತು. "ತಿಮ್ಮರಸರೇ, ಇದು ಹೊಲದ ಹಕ್ಕಿ."

"ಹೌದು. ಅದಕ್ಕೇ ನಮ್ಮ ಭಾಷೆ ಮಾತಾಡುತ್ತೆ."

ಹೊನ್ನಾಂಬೆ ನಗಲಿಲ್ಲ. "ನಿಮ್ಮ ಹಕ್ಕಿ ನನ್ನ ಉಗ್ರಾಣದಲ್ಲಿ ಕೂತರೆ, ನನ್ನ ಮನೆ ವಿಷಯ ನಿಮ್ಮ ಮನೆಗೆ ಹಾರಿ ಬರೋದಿಲ್ಲವೆ?"

"ಗಿಳಿಗೆ ಹೇಳಿದ್ದು ಎಲ್ಲೆಲ್ಲಿಗೆ ಹಾರಿ ಹೋಗ್ತಿತ್ತು ಅಂತ ಯಾವತ್ತಾದರೂ ಕೇಳಿದ್ದಿರಾ?"

ಅವಳು ಕೇಳಿರಲಿಲ್ಲ.

"ನಿಮಗೆ ಇದರಿಂದ ಏನು ಸಿಗುತ್ತೆ?" ಎಂದಳು.

ತಿಮ್ಮರಸ ಕೈಬೆರಳಿನಿಂದ ಹಕ್ಕಿಯ ಎದೆ ಸವರಿದ. "ನನ್ನ ಮಗಳನ್ನ ಈಚೆ ದಡಕ್ಕೆ ಕೊಟ್ಟಿದ್ದೇನೆ. ಅವಳಿಗೆ ತಿಂಗಳು ತುಂಬೋದು ಮಳೆಗಾಲದಲ್ಲಿ. ಸೂಲಗಿತ್ತಿ ಇರೋದು ಆಚೆ. ನನಗೆ ಸೇತುವೆ ಬೇಕು, ಅದನ್ನ ಯಾರು ಹೊಸೆದರೂ ಸರಿ. ಇನ್ನೊಂದು ವಿಷಯ. ನಿಮ್ಮ ಹಕ್ಕಿ ಏನು ಕಲಿತರೂ ನನ್ನ ಹಕ್ಕಿಗೂ ಬರುತ್ತೆ. ಹೇಗೆ ಅಂತ ನೋಡಬೇಕಾದರೆ ಸಂಜೆ ಬನ್ನಿ."

ಸಂಜೆ ಅವಳು ಹೋದಳು. ಆಚೆ ದಡದ ಏರಿಯ ಮೇಲೊಂದು ದೊಡ್ಡ ಗೋಣಿಮರವಿತ್ತು. ಹೊತ್ತು ಇಳಿಯುತ್ತಿದ್ದಂತೆ ಸುತ್ತಲಿನ ಮನೆಗಳಿಂದ ಗೊರವಂಕಗಳು ಹಾರಿ ಬಂದು ಕೊಂಬೆ ಕೊಂಬೆ ತುಂಬಿದವು. ಸಂತೆಯಂಥ ಗದ್ದಲ. ಮರದ ಕೆಳಗೆ ಕುಂಬಾರರು, ಗಾಣದವರು, ಛತ್ರದ ಅಡುಗೆಯವರು ಕೂತಿದ್ದರು. ಒಬ್ಬ ಕುಂಬಾರ ತನ್ನ ಹಕ್ಕಿಗೆ ಮಡಕೆಗಳನ್ನು ಸುಟ್ಟ ಬಗೆಯಂತೆ ಬೇರೆ ಮಾಡಿ ನೆನಪಿಡುವುದನ್ನು ಕಲಿಸಿದ್ದ. ಆ ವರಸೆ ಕೊಂಬೆಯಿಂದ ಕೊಂಬೆಗೆ ಹೋಗಿ, ಬೆಳಗಾಗುವಷ್ಟರಲ್ಲಿ ಗಾಣದ ಮನೆಯ ಹಕ್ಕಿಗೂ ಬಂದಿರುತ್ತಿತ್ತು. ಕುಂಬಾರನ ಮನೆಯಲ್ಲಿ ಎಷ್ಟು ಮಡಕೆಗಳಿವೆ ಎಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಹಕ್ಕಿಗಳು ನೆನಪಿಡುವ ರೀತಿಯನ್ನು ಹಂಚಿಕೊಳ್ಳುತ್ತಿದ್ದವು. ಮನೆಯ ಮಾತನ್ನು ಅನ್ನ ಹಾಕಿದ ಕೈಯ ಮುಂದೆ ಬಿಟ್ಟು ಬೇರೆಲ್ಲೂ ಆಡುತ್ತಿರಲಿಲ್ಲ.

"ಈ ಮರದ ಯಜಮಾನರು ಯಾರು?" ಎಂದು ಹೊನ್ನಾಂಬೆ ಕೇಳಿದಳು.

ಛತ್ರದ ಅಡುಗೆಯ ಹೆಂಗಸು ಅವಳನ್ನು ವಿಚಿತ್ರವಾಗಿ ನೋಡಿದಳು. "ಮರಕ್ಕೆಂಥ ಯಜಮಾನರು? ಬೇಸಿಗೇಲಿ ಯಾರಿಗೆ ಬಿಡುವಾದರೆ ಅವರು ನೀರು ಹಾಕ್ತೀವಿ."

"ಕಟ್ಟಳೆ ಏನಾದರೂ ಇದೆಯೇ?"

"ಒಂದಿದೆ. ಹಕ್ಕಿಗೆ ಮುಸುಕು ಹಾಕೋ ಹಾಗಿಲ್ಲ. ಸಂಜೆ ಹಾರಕ್ಕೆ ಬಿಡಬೇಕು. ಅಷ್ಟೆ."

ಹೊನ್ನಾಂಬೆ ಗೊರವಂಕದೊಂದಿಗೆ ಮನೆಗೆ ಬಂದಳು. ಮುಂದಿನ ದಿನಗಳು ಸುಖದ ದಿನಗಳೇನೂ ಆಗಿರಲಿಲ್ಲ. ಗಿಳಿ ಬಂದಾಗ ಎಲ್ಲ ಕಲಿತು ಬಂದಿತ್ತು. ಗೊರವಂಕಕ್ಕೆ ಎಲ್ಲವನ್ನೂ ಹೇಳಿಕೊಡಬೇಕು, ಹೇಳಿಕೊಡಬೇಕಾದರೆ ಮೊದಲು ತಮಗೆ ಗೊತ್ತಿರಬೇಕು. ಅದು ಪಾಯಣ್ಣನ ಪೇಟದ ಮೇಲೆ ಹಿಕ್ಕೆ ಹಾಕಿತು. ಅವನ ಕೆಮ್ಮನ್ನು ಎರಡೇ ದಿನಕ್ಕೆ ಕಲಿತು, ಅವನು ಕೆಮ್ಮಿದಾಗಲೆಲ್ಲ ತಾನೂ ಕೆಮ್ಮಿತು. ಹೊಸೆಯುವ ಹೆಂಗಸರ ಬೈಗುಳವನ್ನು ಕಲಿತು, ನಾರು ಮಾರಲು ಬಂದ ಗೌರವಸ್ಥರ ಮುಂದೆ ಹೇಳಿತು.

"ಇದಕ್ಕಿಂತ ಪಂಚವರ್ಣದ್ದೇ ವಾಸಿ ಇತ್ತು," ಎಂದ ಪಾಯಣ್ಣ.

"ಅರ್ಧ ಜನರನ್ನ ಬಿಡಿಸ್ತೀರಾ ಭಾವ? ಯಾರನ್ನ ಅಂತ ನೀವೇ ಹೇಳಿ. ರಾಚವ್ವನನ್ನ ಬಿಡಿಸೋಣವೆ?"

ಅಂಗಳದಲ್ಲಿ ಎಳೆ ಹಿಡಿದು ನಿಂತಿದ್ದ ರಾಚವ್ವ ತಲೆಯೆತ್ತಿ ನೋಡಿದಳು. ಪಾಯಣ್ಣ ಪೇಟ ತೊಳೆಯಲು ಹೋದ.

ನಿಜವಾದ ತೊಡಕು ಬೇರೆಯೇ ಇತ್ತು. ಕುಂಬಾರರ ಕಡೆಯಿಂದ ಬಂದ ವರಸೆಯಲ್ಲಿ ವಸ್ತು ಒಂದೋ ಗಟ್ಟಿ, ಇಲ್ಲವೇ ಒಡಕು. ಗಾಣದ ಕಡೆಯದರಲ್ಲಿ ಒಂದೋ ತುಂಬಿದೆ, ಇಲ್ಲವೇ ಖಾಲಿ. ನಾರು ಹಾಗಲ್ಲ. ಒಂದು ಬೆಳಿಗ್ಗೆ ಗೊರವಂಕ ಉಗ್ರಾಣದ ತೊಲೆಯ ಮೇಲೆ ಕೂತು ಪಿಂಡಿಗಳನ್ನೆಲ್ಲ ನೋಡಿ, "ಎಲ್ಲ ಒಡಕು, ಎಲ್ಲ ಒಡಕು" ಎಂದು ಕೂಗಿಬಿಟ್ಟಿತು. ಆಕಾಶದಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು. ಹೊನ್ನಾಂಬೆಗೆ ಅಳು ಬಂತು. ಅತ್ತರೆ ಅದನ್ನೂ ಹಕ್ಕಿ ಕಲಿತೀತೆಂದು ತಡೆದುಕೊಂಡಳು.

ಅವಳು ತಿಮ್ಮರಸನಿಗೆ ಹೇಳಿ ಕಳಿಸಿದಳು. ತಿಮ್ಮರಸ ಕುಂಬಾರನನ್ನು ಕರೆದುಕೊಂಡು ಬಂದ. ಕುಂಬಾರ ಪಿಂಡಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದ. "ನಾವು ಎರಡೇ ಕಲಿಸಿದ್ದು. ನಿಮಗೆ ಮೂರನೇದು ಬೇಕು. ನೀವೇ ಕಲಿಸಬೇಕು. ಹೇಗೆ ಕಲಿಸೋದು ಅಂತ ನಾನು ತೋರಿಸ್ತೀನಿ. ಆದರೆ ಏನನ್ನ ಅಂತ ನನಗೆ ಗೊತ್ತಿಲ್ಲ," ಎಂದ.

ಏನನ್ನು ಎಂಬುದು ಅಂಗಳದಲ್ಲಿ ಯಾರೊಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತಿತ್ತು. ಯಾವ ಮಳೆಗೆ ಯಾವ ಉಗ್ರಾಣದ ಸೂರು ಸೋರಿತ್ತೆಂದು ಪಾಯಣ್ಣ ನೆನಪು ಮಾಡಿಕೊಂಡ. ರಾಚವ್ವ ಪಿಂಡಿಗೆ ಮೂಗು ಹಚ್ಚಿ, ಹಳಸಿದ್ದು ಹುಳಿ ಹುಳಿ ನಾರುತ್ತದೆ ಎಂದಳು. ತಿಮ್ಮರಸ ಒಂದೆಳೆಯನ್ನು ನೀರಲ್ಲಿ ಅದ್ದಿ ಜಗ್ಗಿ, ಹಿಗ್ಗುವುದನ್ನು ತೋರಿಸಿದ. ಹೊನ್ನಾಂಬೆ ನಾರನ್ನು ಬೆರಳಲ್ಲಿ ತಿರುಚಿದಳು. ಮೊದಮೊದಲು ತಪ್ಪಿದಳು. ಆಮೇಲೆ ಒಂದು ಪಿಂಡಿಯ ನಾರು ತಿರುಚಿ ಬಿಟ್ಟಾಗ ಅದು ಸಣ್ಣಗೆ ಕಿರುಗುಟ್ಟಿ ಮೆಲ್ಲಗೆ ಹಿಂದಕ್ಕೆ ಬಿಚ್ಚಿಕೊಂಡಿತು. ಅವಳ ಬೆರಳಿಗೆ ಆ ಚಲನೆಯ ಗುರುತು ಹತ್ತಿತು.

"ಇದು ಹದ," ಎಂದಳು. ಮತ್ತೊಮ್ಮೆ, ಗಟ್ಟಿಯಾಗಿ, "ಇದು ಹದ."

"ಹದ," ಎಂದಿತು ಗೊರವಂಕ.

ಎಲ್ಲ ಸೇರಿ ಉಗ್ರಾಣಗಳನ್ನು ಬರಿದು ಮಾಡಿ, ಪಿಂಡಿಗಳನ್ನು ಅಂಗಳಕ್ಕೆ ತಂದು, ಹಸಿ, ಹದ, ಹಳಸು ಎಂದು ಬೇರೆ ಮಾಡಿದರು. ಹಕ್ಕಿ ತೊಲೆಯಿಂದ ತೊಲೆಗೆ ಹಾರಿ ಎಲ್ಲವನ್ನೂ ನೆನಪಿಟ್ಟುಕೊಂಡಿತು. ಸಂಜೆ ಮರಕ್ಕೆ ಹೋಯಿತು. ಒಂದು ವಾರ ಕಳೆಯುವ ಮೊದಲೇ ಛತ್ರದ ಹಕ್ಕಿ ಉಪ್ಪಿನಕಾಯಿ ಜಾಡಿಗಳ ಮೇಲೆ ಕೂತು ಹಸಿ, ಹದ, ಹಳಸು ಎನ್ನತೊಡಗಿತು. ಅಡುಗೆಯ ಹೆಂಗಸು ಸೇತುವೆ ದಾಟಿ ಬಂದು, ಹೊನ್ನಾಂಬೆಯ ಕೈಗೆ ಒಂದು ಜಾಡಿ ಮಾವಿನಕಾಯಿ ಕೊಟ್ಟು, "ಎಷ್ಟೋ ವರ್ಷದಿಂದ ನಮಗೆ ಇದೇ ಬೇಕಾಗಿತ್ತು, ಕೇಳಕ್ಕೆ ಗೊತ್ತಿರಲಿಲ್ಲ," ಎಂದು ಹೇಳಿ ಹೋದಳು.

ಅದೇ ದಿನಗಳಲ್ಲಿ ಹೊನ್ನಾಂಬೆ ನೀಲಿ ಮುಸುಕನ್ನು ಎತ್ತಿದಳು. ಪಾಯಣ್ಣ ಬೇಡ ಎಂದು ಕೈ ಚಾಚಿದವನು ಪಂಜರದೊಳಗೆ ಕಂಡದ್ದನ್ನು ನೋಡಿ ಕೈ ಇಳಿಸಿದ. ಒಳಗೆ ದೊಡ್ಡ ಮಾಯೆಯೇನೂ ಇರಲಿಲ್ಲ. ಗರಿ ಮಾಸಿದ, ಬೆಳಕಿಗೆ ಕಣ್ಣು ಪಿಳುಕಿಸುವ ಒಂದು ಮುದಿ ಗಿಳಿ ಇತ್ತು. ಅವಳು ಕೊಕ್ಕಿನ ದಾರ ಕತ್ತರಿಸಿ ಸೀಬೆಹಣ್ಣಿನ ಹೋಳು ಕೊಟ್ಟಳು. ಗಿಳಿ ಹಣ್ಣು ತಿಂದು, ತನ್ನ ಭಾಷೆಯಲ್ಲಿ ಬಹಳ ಹೊತ್ತು ಏನೇನೋ ಹೇಳಿತು. ಯಾರಿಗೂ ಅರ್ಥವಾಗಲಿಲ್ಲ. ಪಾಯಣ್ಣ ಮಾತ್ರ ಕೊನೆಯವರೆಗೂ ಕೈಕಟ್ಟಿ ನಿಂತು ಕೇಳಿದ. ಮರುದಿನದಿಂದ ಅದಕ್ಕೆ ಹಣ್ಣು ಕತ್ತರಿಸಿಡುವ ಕೆಲಸ ತನ್ನದು ಎಂದ.

ಹದದ ನಾರು ಅಳತೆಗೆ ಸಾಲದಾಯಿತು. ತಿಮ್ಮರಸನ ಉಗ್ರಾಣದಲ್ಲಿ ಎಷ್ಟಿದೆ ಎಂದು ಕೇಳುವ ಅಗತ್ಯ ಬೀಳಲಿಲ್ಲ, ಅವನೇ ಪಿಂಡಿಗಳನ್ನು ದೋಣಿಗೆ ಹೇರಿಸಿ ಕಳಿಸಿದ. ಎರಡೂ ಅಂಗಳದ ಜನ ಒಂದೇ ಕಡೆ ನಿಂತು ಹೊಸೆದರು. ಎಳೆಗೆ ಎಳೆ ಸೇರಿ ತೊಡೆಯ ಗಾತ್ರದ ಹಗ್ಗಗಳಾದವು. ಹಳೆಯ ಸೇತುವೆ ಇಳಿಸಿ ಹೊಸದನ್ನು ಬಿಗಿದ ದಿನ ಮೊದಲ ದಪ್ಪ ಹನಿಗಳು ಬಿದ್ದವು. ಊರಿನವರು ಎರಡೂ ದಡದಲ್ಲಿ ನಿಂತಿದ್ದರು. ಗಿಳಿ ಹೇಳದ ನಾರಿನಿಂದ ಹೊಸೆದ ಹಗ್ಗದ ಮೇಲೆ ಮೊದಲು ಕಾಲಿಡಲು ಯಾರೂ ಮುಂದೆ ಬರಲಿಲ್ಲ.

ಹೊನ್ನಾಂಬೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು. ನಡುಹೊಳೆಯಲ್ಲಿ ಗಾಳಿ ಜೋರಾಯಿತು. ಕಾಲಕೆಳಗೆ ಹಗ್ಗ ತೊನೆಯಿತು, ಕಿರುಗುಟ್ಟಿತು, ಹಿಗ್ಗಲಿಲ್ಲ. ಅವಳು ಹೆದರಿದ್ದಳು. ಆದರೆ ಆ ಹೆದರಿಕೆಯಲ್ಲೂ ಅವಳಿಗೊಂದು ವಿಷಯ ಖಾತ್ರಿಯಿತ್ತು. ಪಾದದಡಿ ಇರುವ ಪ್ರತಿ ಎಳೆಯೂ ಯಾವ ಮೂಲೆಯಿಂದ ಬಂದದ್ದೆಂದು ಯಾರೇ ಕೇಳಿದರೂ ಅವಳು ಹೇಳಬಲ್ಲವಳಾಗಿದ್ದಳು. ಆಚೆ ದಡ ಮುಟ್ಟಿದಾಗ ತಿಮ್ಮರಸ ಕೈ ಕೊಟ್ಟು ಮೇಲೆಳೆದುಕೊಂಡ. "ತಂಗಿ," ಎಂದ.

ಮಳೆ ಹಿಡಿದ ಮೇಲೆ, ಒಂದು ಮುಂಜಾನೆ, ನದಿ ಕೆಂಪಾಗಿ ಉಕ್ಕುತ್ತಿರುವಾಗ ತಿಮ್ಮರಸನ ಮಗಳಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಕಂಬಳಿ ಕೊಪ್ಪೆ ಹಾಕಿಕೊಂಡು ಸೇತುವೆ ದಾಟಿ ಬಂದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಅತ್ತ ಸದ್ದು ಕೇಳಿತು. ಸುದ್ದಿ ಬಂದಾಗ ಹೊನ್ನಾಂಬೆ ಪಡಸಾಲೆಯಲ್ಲಿ ಕೂತಿದ್ದಳು. ಎಷ್ಟೋ ದಿನಗಳಿಂದ ಬಿಗಿಹಿಡಿದಿದ್ದ ಭುಜಗಳು ಇಳಿದವು. ಅವಳು ಗೋಡೆಗೊರಗಿ ಕಣ್ಣು ಮುಚ್ಚಿ, ಮಳೆಯ ಸದ್ದು ಕೇಳುತ್ತ, ಹಾಗೇ ನಿದ್ದೆ ಹೋದಳು. ಯಾರೂ ಎಬ್ಬಿಸಲಿಲ್ಲ.

ಮಳೆ ನಿಂತ ಮೇಲೆ ದುಭಾಷಿ ಬಂದ. ಅಷ್ಟರಲ್ಲಿ ಪೇಟೆಯ ಹಲವು ತೊಲೆಗಳಲ್ಲಿ ಪಂಜರದ ಕೊಕ್ಕೆಗಳು ಬರಿದಾಗಿದ್ದವು. ಅವನ ದನಿ ಇನ್ನಷ್ಟು ಮೃದುವಾಗಿತ್ತು.

"ಅಮ್ಮನವರೇ, ನಿಮಗಾಗಿ ಕಾಣಿಕೆ ಇಳಿಸಬಹುದು ಎಂದಿದ್ದಾರೆ. ಗೋಡೆ ಒಡೆಯುವುದೂ ಬೇಡ."

"ಬೇಡ. ನಡೀತಿದೆ."

"ಹಾದಿ ಹಕ್ಕಿಯನ್ನು ನಂಬಿ ಎಷ್ಟು ದಿನ? ನಾಳೆ ಅದು ತಪ್ಪು ಹೇಳಿದರೆ ಯಾರನ್ನು ಕೇಳುತ್ತೀರಿ?"

"ಹೇಳಿತ್ತು. ಕುಂಬಾರರನ್ನ ಕೇಳಿದೆವು. ಅದೇ ದಿನ ಸರಿಹೋಯಿತು. ಗಿಳಿ ತಪ್ಪು ಹೇಳಿದಾಗ ನಿಮ್ಮ ಬಿಡಾರದ ಮುಂದೆ ಕಾದು ಕೂತಿದ್ದು ನೆನಪಿದೆ."

ದುಭಾಷಿ ಮಜ್ಜಿಗೆಯ ಲೋಟ ಕೆಳಗಿಟ್ಟ. "ಹಾಗಾದರೆ ಗಿಳಿಯನ್ನು ಒಪ್ಪಿಸಬೇಕಾಗುತ್ತದೆ. ನಾವು ತರುವುದಷ್ಟೇ, ಒಯ್ಯುವುದಿಲ್ಲ. ಷರತ್ತಿನಂತೆ ನೀವೇ ಬೆಟ್ಟ ಹತ್ತಿ ಗಿಳಿಮನೆಗೆ ತಲುಪಿಸಬೇಕು."

ದೂರದ ಹಾದಿ, ಕಷ್ಟದ ಏರು. ಅದನ್ನು ಕೇಳಿಯೇ ಹಲವರು ಗಿಳಿಯನ್ನು ಇಟ್ಟುಕೊಂಡಿದ್ದರು. ಹೊನ್ನಾಂಬೆ ಗಾಡಿ ಕಟ್ಟಿಸಿದಳು. ಪಾಯಣ್ಣ ತಾನೂ ಬರುತ್ತೇನೆಂದ. ಅವನಿಗೆ ಒಮ್ಮೆಯಾದರೂ ಗಿಳಿಮನೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ಹಳೆಯದು. ದಾರಿಯುದ್ದಕ್ಕೂ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು, ಮುಸುಕನ್ನು ಮಡಿಸಿ ಗಿಳಿಯ ಕಾಲಡಿಗೆ ಹಾಸಿದ್ದ.

ಗಿಳಿಮನೆ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಕೋಟೆಯಂಥ ಬಾಗಿಲು, ಒಳಗೆ ಅಂಗಳದ ಹಿಂದೆ ಅಂಗಳ, ಪಂಜರ ಬೆಸೆಯುವವರು, ರೇಷ್ಮೆ ಹೊಲಿಯುವವರು, ಊರೂರಿಗೆ ಹೊರಟ ಗಾಡಿಗಳು. ಬಾಗಿಲ ಬಳಿಯ ಕೋಣೆಯಲ್ಲಿ ಒಳಬರುವ ಸರಕು ನೋಡಿಕೊಳ್ಳುವ ಹೆಂಗಸೊಬ್ಬಳು ಕೂತಿದ್ದಳು. ಗಿಳಿಯನ್ನು ತೆಗೆದುಕೊಂಡು, ಅದರ ಕತ್ತು ಸವರಿ, "ವಯಸ್ಸಾಗಿದೆ, ಪಾಪ. ಹಿಂದಿನ ತೋಟದಲ್ಲಿ ಬಿಡ್ತೇವೆ. ಇನ್ನು ಇದಕ್ಕೆ ಕೆಲಸ ಇಲ್ಲ," ಎಂದಳು. ಪಾಯಣ್ಣನ ಮುಖ ಹಗುರಾಯಿತು.

ಆಮೇಲೆ ಅವಳು ತಲೆಯೆತ್ತಿ, "ಒಂದು ಹಿತ್ತಾಳೆ ಪಂಜರ ಬಂತು, ಹೊಳೆದಂಡೆಯ ಊರಿನಿಂದ," ಎಂದು ತೊಲೆಯ ಕಡೆಗೆ ಹೇಳಿದಳು.

"ಬಂತು, ಹೊಳೆದಂಡೆಯ ಊರಿನಿಂದ," ಎಂದಿತು ತೊಲೆ.

ಪಾಯಣ್ಣ ಮೇಲೆ ನೋಡಿದ. ಕಂದು ಮೈ, ಹಳದಿ ಕಣ್ಣಂಚು. ಅವನು ಕೋಣೆಯ ಹೊರಗೆ ಇಣುಕಿದ. ಪಂಜರ ಬೆಸೆಯುವವರ ಸೂರಿನಲ್ಲಿ ಒಂದು, ರೇಷ್ಮೆ ಕೋಣೆಯ ಹೊಸ್ತಿಲಲ್ಲಿ ಒಂದು, ಗಾಡಿ ಹೊರಡುವ ಕಡೆ ಎರಡು. ಒಂದು ಗಿಳಿಯೂ ಇರಲಿಲ್ಲ.

"ತಾಯಿ, ನಿಮ್ಮ ಗಿಳಿಗಳೆಲ್ಲ ಎಲ್ಲಿ?" ಎಂದು ಕೇಳಿದ.

"ಬಾಡಿಗೆಗೆ ಹೋಗಿವೆ."

"ಅಲ್ಲ, ಇಲ್ಲಿನ ಕೆಲಸಕ್ಕೆ ಇಟ್ಟುಕೊಂಡಿರೋವು?"

ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು, ತಮಾಷೆ ಮಾಡುತ್ತಿದ್ದಾನೆಯೇ ಎಂಬಂತೆ. "ಇಲ್ಲಿನ ಕೆಲಸಕ್ಕೆ ಗಿಳಿಯೇ? ಮುಸುಕು ಎತ್ತೋ ಹಾಗಿಲ್ಲ, ತಿದ್ದೋ ಹಾಗಿಲ್ಲ, ಪ್ರತಿ ಮಾತಿಗೂ ದುಭಾಷಿ ಬರೋವರೆಗೆ ಕಾಯಬೇಕು. ಇಷ್ಟು ದೊಡ್ಡ ಮನೆ ಅದನ್ನ ನಂಬಿ ನಡೆಯೋದು ಹೇಗೆ ಯಜಮಾನರೇ?"

ಪಾಯಣ್ಣ ಜಗುಲಿಯ ಮೇಲೆ ಕೂತ. ಮೊದಲು ಅವನ ಹೊಟ್ಟೆ ಅಲುಗಿತು, ಆಮೇಲೆ ಭುಜ. ಅವನು ಅಳುತ್ತಿದ್ದಾನೆಂದು ಹೊನ್ನಾಂಬೆ ಗಾಬರಿಯಾದಳು. ಅವನು ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಂತೆ, ಪೇಟ ಜಾರುವಂತೆ ನಗುತ್ತಿದ್ದ. ತಮ್ಮ ತೀರಿಕೊಂಡ ಮೇಲೆ ಅವನು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಅವಳಿಗೂ ನಗು ಬಂತು.

ಹೆಂಗಸಿಗೆ ನಗುವಿನ ಕಾರಣ ತಿಳಿಯಲಿಲ್ಲ. ಆದರೆ ಗೊರವಂಕ ಸಾಕುವ ಹೊಳೆದಂಡೆಯವರೆಂದ ಮೇಲೆ ಅವಳಿಗೊಂದು ವಿಷಯ ಕೇಳುವುದಿತ್ತು. ದನಿ ತಗ್ಗಿಸಿದಳು. "ನಮ್ಮ ಹಕ್ಕಿಗಳು ಒಂದು ಕಡೆ ತಪ್ತಾ ಇವೆ. ಒಂದೇ ಹೆಸರಿನ ಎರಡು ಊರಿಂದ ಸರಕು ಬಂದರೆ ಕಲಸಿಬಿಡ್ತವೆ. ನಿಮ್ಮ ಕಡೆ ಇದಕ್ಕೆ ಏನು ಮಾಡ್ತೀರಿ? ದುಭಾಷಿಗಳ ಕಿವಿಗೆ ಮಾತ್ರ ಬೀಳಬಾರದು."

ಹೊನ್ನಾಂಬೆ ಚಪ್ಪಲಿ ಕಳಚಿಟ್ಟು ಒಳಗೆ ಬಂದು ಕೂತಳು. ಊರಿನ ಹೆಸರಿನ ಜೊತೆ, ಸರಕು ಬಂದ ದಾರಿಯ ಹೆಸರನ್ನೂ ಸೇರಿಸಿ ಹೇಳಿಸುವುದನ್ನು ಅವಳು ಹಕ್ಕಿಗೆ ಕಲಿಸಿದಳು. ಹಕ್ಕಿ ಚುರುಕಾಗಿತ್ತು. ಗಾಡಿಯ ಎತ್ತುಗಳು ಹುಲ್ಲು ತಿಂದು ಮುಗಿಸುವಷ್ಟರಲ್ಲಿ ಕೆಲಸ ಆಯಿತು. ಹೆಂಗಸು ಎರಡೆರಡು ಸಲ ಪರೀಕ್ಷಿಸಿ, ದೀರ್ಘವಾಗಿ ಉಸಿರು ಬಿಟ್ಟು, ಆ ಮನೆಯ ಅಭ್ಯಾಸದಂತೆ ಕೇಳಿದಳು.

"ಇದಕ್ಕೆ ನಾವು ಏನು ಕೊಡಬೇಕು?"

"ಏನೂ ಬೇಡ. ಸಂಜೆ ಕಿಟಕಿ ತೆರೆದಿಡಿ, ಹಕ್ಕಿ ಹಾರಿ ಹೋಗಿ ಬರಲಿ."

ಹೆಂಗಸು ಕಿಟಕಿಯ ಕಡೆ ನೋಡಿದಳು. ಅದಕ್ಕೆ ದಪ್ಪ ಅಗುಳಿಯಿತ್ತು. ಅವಳ ಮುಖ ಬಾಡಿತು. "ಅಯ್ಯೋ ಅಮ್ಮ, ಅಷ್ಟೊಂದು ದುಬಾರಿಯಾದರೆ ನಮ್ಮ ಮನೆಗೆ ಆಗೋದಿಲ್ಲ. ಬೇರೆ ಏನಾದರೂ ಬೆಲೆ ಹೇಳಿ. ಬಂಗಾರದ್ದೇ ಆದರೂ ಕೇಳಿ ನೋಡ್ತೇನೆ."

"ಬೇರೆ ಬೆಲೆ ಇಲ್ಲವಲ್ಲ," ಎಂದಳು ಹೊನ್ನಾಂಬೆ. ಬೇಸರವಿಲ್ಲದೆ ಎದ್ದು ಚಪ್ಪಲಿ ಮೆಟ್ಟಿದಳು.

ಗಾಡಿ ಇಳಿಜಾರು ಹಿಡಿಯಿತು. ಪಂಜರವಿಲ್ಲದ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ ಪಾಯಣ್ಣ ತಿರುವಿನಲ್ಲಿ ಒಮ್ಮೆ ಹಿಂದಕ್ಕೆ ನೋಡಿದ. ಕೋಟೆಯಂಥ ಆ ಗೋಡೆಯಲ್ಲಿ ಹೆಂಗಸು ಅತ್ತ ಇತ್ತ ನೋಡಿ, ಒಂದು ಕಿಟಕಿಯನ್ನು ಅಂಗೈಯಗಲ ಸರಿಸುತ್ತಿದ್ದಳು.